ಕುಡಿದವರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ

ಮುಂಬಯಿಯ ಘಾಟ್ಕೋಪರದ ಪರ್ಮಿಟ್ ರೂಮ್, ಎಂದರೆ ಬಾರು, ಒಂದರಲ್ಲಿ ಮ್ಯಾನೇಜರರಾಗಿರುವ, ಕಾರ್ಕಳದ ಕಡೆಯ ಯುವಕರೊಬ್ಬರು ಒಂದು ಭಾನುವಾರ ತಾವು ಮಾಲಕರಿಗೆ ಬರೆದ ಇಂಗ್ಲಿಷ್ ವರದಿಯನ್ನು ತಂದು ನನ್ನ ಮುಂದಿಟ್ಟರು. ಹಿಂದಿನ ರಾತ್ರಿ ಗಿರಾಕಿಯೊಬ್ಬರು ಮೆಟ್ಟಿಲಿನಿಂದ ಜಾರಿ ಬಿದ್ದು ಮೊಣಕೈ ಮುರಿದುಕೊಂಡಿದ್ದರು. ಅದನ್ನು ಬರೆದುಕೊಡುವ ಹೊಣೆ ಇವರ ಮೇಲೆ ಬಿದ್ದಿತ್ತು. ವರದಿಯ ಮೊದಲ ಸಾಲಿನಲ್ಲಿ ಆ ಗಿರಾಕಿ 'ಎ ಡ್ರಂಕರ್ಡ್' ಆಗಿದ್ದರು, ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ 'ಫುಲ್ಲಿ ಇಂಟಾಕ್ಸಿಕೇಟೆಡ್' ಆದರು, ಕೊನೆಯ ಸಾಲಿನಲ್ಲಿ ಅವರಿಗೆ 'ಬ್ಲ್ಯಾಕ್‌ಔಟ್' ಆಯಿತು. ನಿಜವಾಗಿ ನಡೆದದ್ದೇನೆಂದು ಬಿಡಿಸಿ ಬಿಡಿಸಿ ಕೇಳಿದಾಗ ತಿಳಿದದ್ದು ಇಷ್ಟು: ಗಿರಾಕಿ ಮೂರು ಲಾರ್ಜ್ ಕುಡಿದಿದ್ದರು, ಬಿಲ್ಲಿನ ಹಣವನ್ನು ತಾವೇ ಎಣಿಸಿ ಕೊಟ್ಟಿದ್ದರು, ಎದ್ದು ನಡೆಯುವಾಗ ಸ್ವಲ್ಪ ತೂರಾಡುತ್ತಿದ್ದರು, ಬಿದ್ದ ಮೇಲೆ ನೋವಿನಿಂದ ಕಣ್ಣು ಮುಚ್ಚಿಕೊಂಡಿದ್ದರೇ ಹೊರತು ಎಚ್ಚರ ತಪ್ಪಿರಲಿಲ್ಲ. ವರದಿಯ ಮೂರು ಪದಗಳೂ ತಪ್ಪಾಗಿದ್ದವು, ಮತ್ತು ಮೂರೂ ಬೇರೆ ಬೇರೆ ಕಾರಣಕ್ಕೆ ತಪ್ಪಾಗಿದ್ದವು.

ಮಾಟುಂಗಾದ ಸುತ್ತಮುತ್ತ ಹೊಟೇಲು ನೌಕರರಿಗೆ ಇಂಗ್ಲಿಷ್ ಪತ್ರವ್ಯವಹಾರ ಹೇಳಿಕೊಡುತ್ತಾ ಬಂದಿರುವ ನನಗೆ ಇಂತಹ ಬರಹಗಳು ಹೊಸತಲ್ಲ. ಮುಂಬಯಿಯ ಕನ್ನಡಿಗರಲ್ಲಿ ಬಾರು ನಡೆಸುವವರು ಮಾತ್ರವಲ್ಲ, ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳು, ಕಚೇರಿಗಳಲ್ಲಿ ಸಿಬ್ಬಂದಿಯ ಮೇಲಿನ ದೂರುಗಳನ್ನು ನೋಡಿಕೊಳ್ಳುವವರು, ಅಪಘಾತವಾದಾಗ ವಿಮೆಯ ಅರ್ಜಿ ತುಂಬುವವರು, ಎಲ್ಲರೂ ಒಂದಲ್ಲ ಒಂದು ದಿನ ಕುಡಿದ ಮನುಷ್ಯನ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಆಗ ಕೈಗೆ ಸಿಕ್ಕಿದ ಪದವನ್ನು ಬಳಸುವುದಕ್ಕಿಂತ, 'ಈತ ಕುಡಿದಿದ್ದಾನೆಂದು ನನಗೆ ಗೊತ್ತಾದದ್ದು ಹೇಗೆ?' ಎಂದು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕು. ಮೂಗಿಗೆ ವಾಸನೆ ಬಡಿದದ್ದರಿಂದ ಗೊತ್ತಾಯಿತೇ, ಯಂತ್ರ ತೋರಿಸಿದ ಅಂಕಿಯಿಂದ ಗೊತ್ತಾಯಿತೇ, ಹತ್ತು ವರ್ಷಗಳ ಪರಿಚಯದಿಂದ ಗೊತ್ತೇ, ಅಥವಾ ಗೆಳೆಯನನ್ನು ಛೇಡಿಸುವುದಕ್ಕಾಗಿ ಹೇಳುತ್ತಿರುವ ಮಾತೇ ಎಂಬುದರ ಮೇಲೆ ಇಂಗ್ಲಿಷಿನಲ್ಲಿ ಪದವೇ ಬದಲಾಗುತ್ತದೆ. ಕನ್ನಡದಲ್ಲಿ ನಾವು 'ಕುಡಿದಿದ್ದಾನೆ' ಎಂಬ ಒಂದೇ ಮಾತನ್ನು ಧ್ವನಿಯ ಏರಿಳಿತದಿಂದ ನಾಲ್ಕೂ ಕೆಲಸಕ್ಕೆ ಒಗ್ಗಿಸಿಕೊಳ್ಳುತ್ತೇವೆ. ಕಾಗದದ ಮೇಲಿನ ಇಂಗ್ಲಿಷಿಗೆ ಆ ಧ್ವನಿಯ ನೆರವು ಸಿಗುವುದಿಲ್ಲ.

ಕುಡಿದವನೂ ಕುಡುಕನೂ

'ಡ್ರಂಕ್' ಎಂಬುದು ಈ ಹೊತ್ತಿನ ಸ್ಥಿತಿ. 'ಡ್ರಂಕರ್ಡ್' ಎಂಬುದು ಒಬ್ಬನ ಸ್ವಭಾವದ ಮೇಲೆ ಹೊರಿಸುವ ಹೆಸರು. ಇಂಗ್ಲಿಷಿನಲ್ಲಿ ಪದದ ಕೊನೆಗೆ ಬರುವ 'ಅರ್ಡ್' ಎಂಬ ಪ್ರತ್ಯಯ ಹೆಚ್ಚಾಗಿ ಹೀಗಳಿಕೆಯದು. ಸೋಮಾರಿಗೆ 'ಸ್ಲಗರ್ಡ್', ಮಂದಬುದ್ಧಿಯವನಿಗೆ 'ಡಲ್ಲರ್ಡ್' ಎನ್ನುವಲ್ಲಿಯೂ ಅದೇ ಇದೆ. ಈ ವ್ಯತ್ಯಾಸ ನಮಗೆ ಹೊಸದೇನಲ್ಲ, ಏಕೆಂದರೆ ಕುಡಿದವನು ಮತ್ತು ಕುಡುಕ ಎಂಬ ಎರಡು ಪದಗಳ ನಡುವೆ ಕನ್ನಡವೂ ಇದೇ ಗೆರೆಯನ್ನು ಎಳೆದಿದೆ. ತಿರುಕ, ಕುಡುಕ, ಅಂಜುಬುರುಕ ಎಂದಾಗ ನಾವು ಒಂದು ದಿನದ ಕೆಲಸವನ್ನು ಹೇಳುತ್ತಿಲ್ಲ, ಮನುಷ್ಯನ ಗುಣವನ್ನೇ ಹೇಳುತ್ತಿದ್ದೇವೆ. ಮದುವೆಯ ಮನೆಯಲ್ಲಿ ಒಂದು ಸಂಜೆ ಕುಡಿದ ಸೋದರಮಾವನನ್ನು ಕುಡುಕನೆಂದರೆ ಮನೆಯವರು ಸುಮ್ಮನಿರುವುದಿಲ್ಲ. 'ಡ್ರಂಕರ್ಡ್' ಎಂದು ಬರೆದಾಗಲೂ ಓದುವವರಿಗೆ ಅಷ್ಟೇ ಕೋಪ ಬರುತ್ತದೆ. ಮುಂಬಯಿಯಲ್ಲಿ ಯಾರನ್ನಾದರೂ 'ಬೇವಡಾ' ಎನ್ನುವುದೂ ಈ ಜಾತಿಯ ಮಾತೇ ಆದುದರಿಂದ ಅದನ್ನು ಇಂಗ್ಲಿಷಿಗೆ ತರುವಾಗ 'ಡ್ರಂಕರ್ಡ್' ಸರಿಹೊಂದುತ್ತದೆ, ಆದರೆ ವರದಿಗಳಲ್ಲಿ ಎರಡಕ್ಕೂ ಜಾಗವಿಲ್ಲ.

ವ್ಯಾಕರಣದ ಒಂದು ಸಣ್ಣ ತೊಡಕೂ ಇಲ್ಲಿದೆ. 'ದಿ ಮ್ಯಾನ್ ವಾಸ್ ಡ್ರಂಕ್' ಎಂದು ಕ್ರಿಯಾಪದದ ಆಚೆ ಬರುವಾಗ 'ಡ್ರಂಕ್' ಸರಿ; ನಾಮಪದಕ್ಕೆ ಮೊದಲು ನಿಲ್ಲುವಾಗ 'ಎ ಡ್ರಂಕನ್ ಮ್ಯಾನ್', 'ಎ ಡ್ರಂಕನ್ ಕ್ವಾರೆಲ್' ಎಂಬ ರೂಪ ಹೆಚ್ಚು ಶುದ್ಧವೆಂದು ಹಿಂದಿನಿಂದ ಬಂದ ರೂಢಿ. ಮನುಷ್ಯರಿಗೆ ಮಾತ್ರವಲ್ಲದೆ ಜಗಳ, ನಗು, ನಿದ್ದೆಗಳಿಗೂ 'ಡ್ರಂಕನ್' ಹೊಂದುತ್ತದೆ ಎಂಬುದನ್ನು ಗಮನಿಸಬೇಕು. ಕುಡಿದು ಆಡಿದ ಜಗಳ ಎಂದು ನಾವು ಮೂರು ಪದಗಳಲ್ಲಿ ಹೇಳುವುದನ್ನು ಇಂಗ್ಲಿಷ್ ಎರಡರಲ್ಲಿ ಮುಗಿಸುತ್ತದೆ. ವಾಹನದ ವಿಷಯಕ್ಕೆ ಬಂದರೆ ಅಮೆರಿಕನ್ನರು 'ಡ್ರಂಕ್ ಡ್ರೈವಿಂಗ್' ಎನ್ನುತ್ತಾರೆ, ಬ್ರಿಟನ್ನಿನವರು 'ಡ್ರಿಂಕ್ ಡ್ರೈವಿಂಗ್' ಎನ್ನುತ್ತಾರೆ, ನಮ್ಮ ದೇಶದ ಪತ್ರಿಕೆಗಳಲ್ಲಿ 'ಡ್ರಂಕನ್ ಡ್ರೈವಿಂಗ್' ಓಡಾಡುತ್ತದೆ. ಮೂರರಲ್ಲಿ ಯಾವುದನ್ನು ಬರೆದರೂ ಅರ್ಥಕ್ಕೆ ಕುಂದಿಲ್ಲ, ಒಂದೇ ಕಾಗದದಲ್ಲಿ ಮೂರನ್ನೂ ಬರೆಯದಿದ್ದರೆ ಸಾಕು.

ವಿಷದಿಂದ ಹುಟ್ಟಿದ ಪದ

'ಇಂಟಾಕ್ಸಿಕೇಟೆಡ್' ಎಂಬುದನ್ನು ನಮ್ಮವರು 'ಡ್ರಂಕ್' ಪದದ ಮರ್ಯಾದಸ್ಥ ರೂಪವೆಂದು ಭಾವಿಸಿ ಬಳಸುತ್ತಾರೆ. ಅದು ಅರ್ಧ ಮಾತ್ರ ನಿಜ. ಬಾಣಕ್ಕೆ ಹಚ್ಚುವ ವಿಷವನ್ನು ಸೂಚಿಸುತ್ತಿದ್ದ ಗ್ರೀಕ್ ಪದವೊಂದು ಲ್ಯಾಟಿನ್ನಿನ ಮೂಲಕ ಇಂಗ್ಲಿಷಿಗೆ ಬಂದು 'ಟಾಕ್ಸಿಕ್' ಆಯಿತು, ಅದೇ ಬೇರಿನಿಂದ 'ಇಂಟಾಕ್ಸಿಕೇಟ್' ಕೂಡ ಬಂದಿದೆ. ಮೂಲದಲ್ಲಿ ಅದಕ್ಕೆ ವಿಷವೇರಿಸು ಎಂದೇ ಅರ್ಥ. ಹಾಗಾಗಿಯೇ ವೈದ್ಯರ ಇಂಗ್ಲಿಷಿನಲ್ಲಿ ಮದ್ಯದ ಗಂಧವೂ ಇಲ್ಲದ 'ಇಂಟಾಕ್ಸಿಕೇಷನ್'ಗಳಿವೆ. ಮಿತಿಮೀರಿ ನೀರು ಕುಡಿದು ರಕ್ತದಲ್ಲಿನ ಸೋಡಿಯಂ ಅಂಶ ಅಪಾಯದ ಮಟ್ಟಕ್ಕೆ ಇಳಿದರೆ ಅದನ್ನು 'ವಾಟರ್ ಇಂಟಾಕ್ಸಿಕೇಷನ್' ಎನ್ನುತ್ತಾರೆ. ಒಬ್ಬ ರೋಗಿಯ ಕಾಗದದಲ್ಲಿ ಈ ಪದ ಕಂಡ ಕೂಡಲೆ ಆತ ಕುಡಿದಿದ್ದನೆಂದು ತೀರ್ಮಾನಿಸಿ ಊರಿಗೆ ಫೋನು ಮಾಡುವವರು ಇದನ್ನು ನೆನಪಿಡಬೇಕು.

ಈ ಪದದ ಇನ್ನೊಂದು ಲಕ್ಷಣವೆಂದರೆ ಇದು ಏನನ್ನು ಸೇವಿಸಿದ್ದೆಂದು ಹೇಳುವುದಿಲ್ಲ. 'ಡ್ರಂಕ್' ಎಂದರೆ ಮದ್ಯ ಮಾತ್ರ. ಲ್ಯಾಟಿನ್ನಿನಿಂದ ಬಂದ 'ಇನೀಬ್ರಿಯೇಟೆಡ್' ಎಂಬ ಗಂಭೀರ ಪದವೂ ರೂಢಿಯಲ್ಲಿ ಮದ್ಯಕ್ಕೇ ಮೀಸಲು. ಆದರೆ ಗಾಂಜಾ, ಅಫೀಮು, ಮಾತ್ರೆ, ಮದ್ಯ ಎಲ್ಲಕ್ಕೂ 'ಇಂಟಾಕ್ಸಿಕೇಟೆಡ್' ಸಲ್ಲುತ್ತದೆ. ಕಾನೂನಿಗೆ ಅದು ಪ್ರಿಯವಾಗಿರುವುದಕ್ಕೆ ಇದೇ ಕಾರಣವಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 355ನೆಯ ಕಲಮಿನ ತಲೆಬರಹದಲ್ಲಿ 'ಡ್ರಂಕನ್ ಪರ್ಸನ್' ಎಂದಿದ್ದರೂ ಕಲಮಿನ ಒಳಗಿನ ಮಾತು 'ಇನ್ ಎ ಸ್ಟೇಟ್ ಆಫ್ ಇಂಟಾಕ್ಸಿಕೇಷನ್' ಎಂದಿದೆ. ಹಳೆಯ ದಂಡ ಸಂಹಿತೆಯ 510ನೆಯ ಕಲಮಿನಲ್ಲಿಯೂ ಹಾಗೆಯೇ ಇತ್ತು. ಹಳೆಯದರಲ್ಲಿ ಹತ್ತು ರೂಪಾಯಿ ಇದ್ದ ದಂಡದ ಮಿತಿ ಹೊಸದರಲ್ಲಿ ಸಾವಿರಕ್ಕೇರಿದೆ, ಸಮುದಾಯ ಸೇವೆಯ ಶಿಕ್ಷೆಯೂ ಸೇರಿದೆ. ಗಮನಿಸಬೇಕಾದ ಸಂಗತಿ ಏನೆಂದರೆ ಆ ಕಲಮಿನ ಪ್ರಕಾರ ಬರಿದೇ ಅಮಲಿನಲ್ಲಿರುವುದು ಸಾಲದು, ಸಾರ್ವಜನಿಕ ಜಾಗದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ನಡೆದುಕೊಂಡಿರಬೇಕು. ಆದುದರಿಂದ ಸೊಸೈಟಿಯ ಕಾರ್ಯದರ್ಶಿಯೊಬ್ಬರು ಪೊಲೀಸರಿಗೆ ದೂರು ಬರೆಯುವಾಗ 'ಹೀ ವಾಸ್ ಇಂಟಾಕ್ಸಿಕೇಟೆಡ್' ಎಂಬಲ್ಲಿಗೆ ನಿಲ್ಲಿಸಿದರೆ ಅವರ ದೂರಿನ ಮುಖ್ಯ ಅಂಗವೇ ಬಿಟ್ಟುಹೋದಂತೆ. ಆತ ಗೇಟಿನ ಬಳಿ ನಿಂತು ಯಾರನ್ನು ಬೈದ, ಯಾವ ಬಾಗಿಲನ್ನು ಒದ್ದ ಎಂಬುದನ್ನು ಬರೆಯಬೇಕು.

ಇಲ್ಲಿ ಕನ್ನಡದ ಕಡೆಯಿಂದಲೂ ಒಂದು ಎಡವಟ್ಟು ಹುಟ್ಟುತ್ತದೆ. ಶಸ್ತ್ರಚಿಕಿತ್ಸೆ ಮುಗಿದ ರೋಗಿಯನ್ನು ನೋಡಿ ಬಂದವರು 'ಇನ್ನೂ ಮತ್ತಿನಲ್ಲಿದ್ದಾರೆ' ಎನ್ನುವುದುಂಟು. ಈ ಮತ್ತೂ ಹೆಂಡದ ಮತ್ತೂ ನಮಗೆ ಒಂದೇ ಪದ. ಒಬ್ಬ ಗೃಹಸ್ಥರು ತಮ್ಮ ಅಣ್ಣನ ಆಪರೇಷನ್ನಿನ ಬಳಿಕ ಕಚೇರಿಗೆ ರಜೆಯ ಅರ್ಜಿ ಕಳುಹಿಸುತ್ತಾ ಆತ 'ಸ್ಟಿಲ್ ಇಂಟಾಕ್ಸಿಕೇಟೆಡ್' ಎಂದು ಬರೆದಿದ್ದನ್ನು ನಾನೇ ತಿದ್ದಿದ್ದೇನೆ. ಔಷಧಿ ಕೊಟ್ಟು ತರಿಸಿದ ಮಂಪರಿಗೆ 'ಸೆಡೇಟೆಡ್' ಎನ್ನಬೇಕು. ಕೆಮ್ಮಿನ ಸಿರಪ್ಪು ಕುಡಿದು ಕಣ್ಣು ಎಳೆಯುತ್ತಿದ್ದರೆ 'ಡ್ರೌಜಿ' ಸಾಕು. ಪ್ರಯಾಣದಲ್ಲಿ ಯಾರೋ ಬಿಸ್ಕತ್ತಿನಲ್ಲಿ ಏನನ್ನೋ ಬೆರೆಸಿ ಕೊಟ್ಟು ದೋಚಿದ್ದರೆ 'ಡ್ರಗ್ಡ್' ಎಂಬುದೇ ಸರಿ, ಏಕೆಂದರೆ ಅದರಲ್ಲಿ ಇನ್ನೊಬ್ಬನ ಕೈವಾಡದ ಸೂಚನೆ ಅಡಗಿದೆ. ಇನ್ನು ನಮ್ಮ ಕರಾವಳಿ, ಮಲೆನಾಡಿನವರು 'ಅಡಿಕೆ ಸೊಕ್ಕಿತು' ಎನ್ನುವ ಅನುಭವ, ಎಂದರೆ ಎಲೆಯಡಿಕೆ ಮೆದ್ದಾಗ ಒಮ್ಮೆಲೆ ಕಿವಿ ಬಿಸಿಯಾಗಿ, ಬೆವರು ಒಡೆದು, ತಲೆ ತಿರುಗಿದಂತಾಗುವುದು, ಅದಕ್ಕೆ ಇಂಗ್ಲಿಷಿನಲ್ಲಿ ಸರಿಸಾಟಿಯಾದ ಪದವಿಲ್ಲ. 'ಗಿಡ್ಡಿ' ಅಥವಾ 'ಲೈಟ್‌ಹೆಡೆಡ್' ಎಂದು ಹತ್ತಿರ ಹೋಗಬಹುದೇ ಹೊರತು, 'ಹೈ' ಎಂದರೆ ಕೇಳುವವರು ಗಾಂಜಾ ಎಂದುಕೊಳ್ಳುತ್ತಾರೆ.

ಅಂದಹಾಗೆ 'ಹೈ' ಮತ್ತು 'ಸ್ಟೋನ್ಡ್' ಎರಡೂ ಇಂದಿನ ಬಳಕೆಯಲ್ಲಿ ಮಾದಕ ವಸ್ತುಗಳ ಕಡೆಗೆ ವಾಲಿವೆ. 'ಸ್ಟೋನ್ಡ್' ಎಂದರೆ ಬಹುಪಾಲು ಗಾಂಜಾ, ಚರಸ್ಸುಗಳ ಮಂಕು. ಮೂರು ಪೆಗ್ಗು ಕುಡಿದ ಸಹೋದ್ಯೋಗಿಯನ್ನು ಕಚೇರಿಯ ಮೇಲ್‌ನಲ್ಲಿ 'ಹೈ' ಎಂದು ಬರೆದರೆ, ಓದುವ ಹಿರಿಯ ಅಧಿಕಾರಿ 1985ರ ಮಾದಕ ವಸ್ತುಗಳ ಕಾಯಿದೆಯನ್ನು ನೆನೆದು ಗಾಬರಿಯಾಗುವ ಸಂಭವವಿದೆ.

ಮೂಗು, ಯಂತ್ರ ಮತ್ತು ವೈದ್ಯರು

ವರದಿ ಬರೆಯುವವರಿಗೆ ಅತ್ಯಂತ ಮುಖ್ಯವಾದದ್ದು ಇದು, ಆದುದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗುತ್ತೇನೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಪೊಲೀಸರು ಕರೆತಂದ ವ್ಯಕ್ತಿಯನ್ನು ಪರೀಕ್ಷಿಸಿದ ವೈದ್ಯರು ಸಾಮಾನ್ಯವಾಗಿ ಮೂರರಲ್ಲಿ ಒಂದು ಅಭಿಪ್ರಾಯ ಕೊಡುತ್ತಾರೆ: ಈತ ಮದ್ಯ ಸೇವಿಸಿಲ್ಲ, ಮದ್ಯ ಸೇವಿಸಿದ್ದಾನೆ ಆದರೆ ಅದರ ಪ್ರಭಾವದಲ್ಲಿಲ್ಲ, ಮದ್ಯ ಸೇವಿಸಿದ್ದಾನೆ ಮತ್ತು ಅದರ ಪ್ರಭಾವದಲ್ಲಿದ್ದಾನೆ. ನಡುವಿನ ಅಭಿಪ್ರಾಯವನ್ನು ಕಂಡು ನಗುವವರಿದ್ದಾರೆ. ನನಗಾದರೋ ಇಡೀ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕವಾದ ವಾಕ್ಯ ಅದೇ ಎನಿಸಿದೆ. 'ಕನ್ಸ್ಯೂಮ್ಡ್ ಆಲ್ಕೊಹಾಲ್' ಎಂಬುದು ನಡೆದುಹೋದ ಕ್ರಿಯೆ, 'ಅಂಡರ್ ದಿ ಇನ್‌ಫ್ಲುಯೆನ್ಸ್' ಎಂಬುದು ಆ ಕ್ರಿಯೆ ಮೈಮನಸ್ಸುಗಳ ಮೇಲೆ ಮಾಡಿದ ಪರಿಣಾಮ. ಬಾಯಿಯಿಂದ ವಾಸನೆ ಬಂತೆಂಬ ಕಾರಣಕ್ಕೆ ಮೊದಲನೆಯದನ್ನು ಊಹಿಸಬಹುದು. ಎರಡನೆಯದನ್ನು ಹೇಳಬೇಕಾದರೆ ನಡಿಗೆ, ಮಾತು, ಕಣ್ಣುಪಾಪೆ, ಕೈಯ ಹಿಡಿತ ಇವನ್ನೆಲ್ಲ ನೋಡಿರಬೇಕು.

ನ್ಯಾಯಾಲಯಗಳೂ ಈ ಸೂಕ್ಷ್ಮವನ್ನು ತೂಗಿ ನೋಡಿವೆ. 1971ರಲ್ಲಿ ಮಹಾರಾಷ್ಟ್ರದಿಂದ ಹೋದ ವಾಹನ ಅಪಘಾತದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಉಸಿರಿನಲ್ಲಿ ಮದ್ಯದ ವಾಸನೆ, ತಡವರಿಸುವ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣುಪಾಪೆ ಇಷ್ಟರಿಂದಲೇ ಮದ್ಯ ಸೇವನೆಯನ್ನು ತೀರ್ಮಾನಿಸುವಂತಿಲ್ಲವೆಂದು, ರಕ್ತಪರೀಕ್ಷೆಯ ಅಗತ್ಯವನ್ನು ಎತ್ತಿ ಹೇಳಿತು. ಅರ್ಧ ಶತಮಾನದ ಬಳಿಕ, 2021ರಲ್ಲಿ, ಅದೇ ನ್ಯಾಯಾಲಯ ಕಾರು ವಿಮೆಯ ವ್ಯಾಜ್ಯವೊಂದರಲ್ಲಿ, ಪರೀಕ್ಷೆ ನಡೆಯದಿದ್ದಾಗಲೂ ವಿಮೆಯ ಕಂಪನಿ ಇತರ ಸಂದರ್ಭಗಳಿಂದ ಚಾಲಕ ಮದ್ಯದ ಪ್ರಭಾವದಲ್ಲಿದ್ದನೆಂದು ತೋರಿಸಲು ಅವಕಾಶವಿದೆ ಎಂದಿತು. ಮೊದಲನೆಯದು ಅಪರಾಧದ ಮೊಕದ್ದಮೆ, ಎರಡನೆಯದು ಹಣದ ವ್ಯಾಜ್ಯ. ಎರಡಕ್ಕೂ ಬೇಕಾಗುವ ಸಾಕ್ಷ್ಯದ ತೂಕ ಬೇರೆ. ನಮ್ಮ ಮೋಟಾರು ವಿಮೆಯ ಪಾಲಿಸಿಗಳಲ್ಲಿ 'ಅಂಡರ್ ದಿ ಇನ್‌ಫ್ಲುಯೆನ್ಸ್ ಆಫ್ ಇಂಟಾಕ್ಸಿಕೇಟಿಂಗ್ ಲಿಕರ್ ಆರ್ ಡ್ರಗ್ಸ್' ಎಂಬ ಮಾತು ಪರಿಹಾರ ಸಲ್ಲದ ಸಂದರ್ಭಗಳ ಸಾಲಿನಲ್ಲಿ ಇರುತ್ತದೆ. ಹೀಗಿರುವಾಗ ಪಕ್ಕದಲ್ಲಿದ್ದ ಗೆಳೆಯ ಹೇಳಿಕೆ ಬರೆದುಕೊಡುತ್ತಾ, ತನಗೆ ಗೊತ್ತಿರುವ ಒಂದೇ ದೊಡ್ಡ ಪದವೆಂದು 'ಇಂಟಾಕ್ಸಿಕೇಟೆಡ್' ಎಂದು ಗೀಚಿದರೆ, ಆ ಒಂದು ಪದದ ಭಾರ ಬೇರೆಯವರ ಹೆಗಲಿಗೆ ಬೀಳುತ್ತದೆ. ಸತ್ಯವನ್ನು ಮುಚ್ಚಿಡಿ ಎಂದು ನಾನು ಹೇಳುತ್ತಿಲ್ಲ. ಕಂಡದ್ದನ್ನು ಕಂಡಷ್ಟೇ ಬರೆಯಿರಿ, ಅದರಿಂದ ಏನಾಗುತ್ತದೆಂಬ ತೀರ್ಪನ್ನು ತೀರ್ಪು ಕೊಡುವವರಿಗೆ ಬಿಡಿ ಎನ್ನುತ್ತಿದ್ದೇನೆ.

ಯಂತ್ರ ತೋರಿಸಿದ ಅಂಕಿ ಕೈಯಲ್ಲಿದ್ದರೆ ಭಾಷೆ ಮತ್ತೆ ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದರೆ ವಾಹನ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಸಲ ಸಿಕ್ಕಿಬಿದ್ದವರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಇಂಗ್ಲೆಂಡಿನಲ್ಲಿ ಇದೇ ಮಿತಿ 80 ಮಿಲಿಗ್ರಾಂ, ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ 50. ಹೀಗಾಗಿ 60 ಮಿಲಿಗ್ರಾಂ ತೋರಿಸಿದ ಒಬ್ಬನೇ ಮನುಷ್ಯ ಬಾಂದ್ರಾದಲ್ಲಿಯೂ ಎಡಿನ್ಬರಾದಲ್ಲಿಯೂ ಅಪರಾಧಿ, ಲಂಡನ್ನಿನಲ್ಲಿ ಮಿತಿಯೊಳಗಿನವನು. ಆತ 'ಡ್ರಂಕ್' ಆಗಿದ್ದನೇ ಎಂಬುದಕ್ಕೆ ಈ ಅಂಕಿ ಉತ್ತರ ಕೊಡುವುದಿಲ್ಲ, ಹದವಾಗಿ ಮಾತನಾಡುತ್ತಲೇ ಮಿತಿ ಮೀರಿದವರು ಬೇಕಾದಷ್ಟಿದ್ದಾರೆ. ಅಂತಹ ಸಂದರ್ಭಕ್ಕೆ 'ಓವರ್ ದಿ ಲಿಮಿಟ್' ಎಂಬ ನಿರ್ಲಿಪ್ತವಾದ ನುಡಿಗಟ್ಟಿದೆ. ಯಂತ್ರದ ಮಾತನ್ನು ಬರೆಯುವಾಗ ಅದನ್ನೇ ಬಳಸುವುದು ಮೇಲು. ಅಂಕಿಯಿಲ್ಲದೆ ಅದನ್ನು ಬರೆಯಕೂಡದು.

ಮಹಾರಾಷ್ಟ್ರದಲ್ಲಿ ಇನ್ನೊಂದು ಪದವೂ ಈ ಗೊಂದಲದೊಳಕ್ಕೆ ನುಸುಳುತ್ತದೆ. 1949ರ ಬಾಂಬೆ ಪಾನನಿಷೇಧ ಕಾಯಿದೆಯ ನೆರಳಿನಲ್ಲಿ ಇಲ್ಲಿ ಕುಡಿಯುವವನ ಹೆಸರಿನಲ್ಲಿಯೇ ಪರ್ಮಿಟ್ ಇರಬೇಕೆಂಬ ನಿಯಮವಿದೆ, 'ಪರ್ಮಿಟ್ ರೂಮ್' ಎಂಬ ಫಲಕ ಬಂದದ್ದೂ ಅದರಿಂದಲೇ. ಪರ್ಮಿಟ್ ಇಲ್ಲದೆ ಕುಡಿದದ್ದು ಒಂದು ವಿಷಯ, ಕುಡಿದು ಅಮಲಿನಲ್ಲಿದ್ದದ್ದು ಇನ್ನೊಂದು. ಪರ್ಮಿಟ್ ಇಟ್ಟುಕೊಂಡೇ ನೆಲಕ್ಕುರುಳುವವರಿದ್ದಾರೆ, ಪರ್ಮಿಟ್ ಇಲ್ಲದೆ ಒಂದೇ ಲೋಟ ಬಿಯರ್ ಕುಡಿದು ನೆಟ್ಟಗೆ ಮನೆಗೆ ಹೋಗುವವರೂ ಇದ್ದಾರೆ.

ಘಾಟ್ಕೋಪರದ ಯುವಕರ ವರದಿಯನ್ನು ಆ ದಿನ ನಾವಿಬ್ಬರೂ ಕೂಡಿ ತಿದ್ದಿದೆವು. 'ಡ್ರಂಕರ್ಡ್' ಹೊಡೆದುಹಾಕಿ, ಗಿರಾಕಿಗೆ ಎಷ್ಟು ಹೊತ್ತಿನಲ್ಲಿ ಎಷ್ಟು ಮದ್ಯ ಬಡಿಸಲಾಯಿತೆಂಬುದನ್ನು ಬಿಲ್ಲು ನೋಡಿ ಬರೆದೆವು. 'ಇಂಟಾಕ್ಸಿಕೇಟೆಡ್' ಹೋಗಿ 'ಅನ್‌ಸ್ಟೆಡಿ ಆನ್ ಹಿಸ್ ಫೀಟ್' ಬಂತು. ಮೆಟ್ಟಿಲಿನ ದೀಪ ಉರಿಯುತ್ತಿತ್ತೇ ಎಂದು ನಾನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ ಮಾಸ್ಟ್ರೇ, ಎರಡು ದಿನದಿಂದ ಬಲ್ಬು ಹೋಗಿತ್ತು' ಎಂದರು. ಅದನ್ನೂ ಬರೆಸಿದೆ. ಗಿರಾಕಿಯ ಅಮಲಿನ ಬಗ್ಗೆ ಎರಡೆರಡು ದೊಡ್ಡ ಪದಗಳು ಆ ವರದಿಗೆ ಏಕೆ ಬೇಕಾಗಿದ್ದವೆಂಬುದು ಆಗ ನನಗೆ ತಿಳಿಯಿತು.

ಎಚ್ಚರ ತಪ್ಪುವುದು, ನೆನಪು ತಪ್ಪುವುದು

ಅವರ ಮೂರನೆಯ ಪದ 'ಬ್ಲ್ಯಾಕ್‌ಔಟ್'. ಆಡುಮಾತಿನ ಇಂಗ್ಲಿಷಿನಲ್ಲಿ ಮೂರ್ಛೆ ಹೋಗುವುದಕ್ಕೂ ಇದನ್ನು ಬಳಸುವವರಿದ್ದಾರೆ, ಆದರೆ ಕುಡಿತದ ಸಂದರ್ಭದಲ್ಲಿ ವೈದ್ಯರಿಗೆ ಅದು ನೆನಪಿನ ಲೋಪ. ಒಬ್ಬ ಮನುಷ್ಯ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಮಾತನಾಡಿದ್ದಾನೆ, ರಿಕ್ಷಾ ಹಿಡಿದಿದ್ದಾನೆ, ಮನೆಯ ಬೀಗ ತೆಗೆದಿದ್ದಾನೆ. ಬೆಳಗ್ಗೆ ಅದರಲ್ಲಿ ಒಂದೂ ನೆನಪಿಲ್ಲ. ಮದ್ಯದ ಪ್ರಮಾಣ ವೇಗವಾಗಿ ಏರಿದಾಗ ಮಿದುಳು ಹೊಸ ನೆನಪುಗಳನ್ನು ದಾಖಲಿಸುವುದನ್ನು ನಿಲ್ಲಿಸುತ್ತದೆ, ಉಳಿದ ಕೆಲಸಗಳು ನಡೆಯುತ್ತಲೇ ಇರುತ್ತವೆ. ಇದು 'ಬ್ಲ್ಯಾಕ್‌ಔಟ್'. ಎಚ್ಚರ ತಪ್ಪಿ ಸೋಫಾದ ಮೇಲೆ ಬಿದ್ದುಕೊಂಡಿದ್ದರೆ ಅದು 'ಪಾಸ್ಡ್ ಔಟ್'. ಒಂದರಲ್ಲಿ ಮನುಷ್ಯ ಓಡಾಡುತ್ತಿರುತ್ತಾನೆ, ಇನ್ನೊಂದರಲ್ಲಿ ಅಲುಗಾಡುವುದಿಲ್ಲ. ಪರೀಕ್ಷೆ ಪಾಸಾಗುವುದಕ್ಕೂ ನಮ್ಮವರು 'ಪಾಸ್ ಔಟ್' ಎನ್ನುವುದರಿಂದ, '2015ರಲ್ಲಿ ಪುಣೆಯ ಕಾಲೇಜಿನಲ್ಲಿ ಪಾಸ್ಡ್ ಔಟ್' ಎಂದು ಬಯೋಡೇಟಾದಲ್ಲಿ ಬರೆದದ್ದನ್ನು ಓದಿದ ವಿದೇಶೀಯರಿಗೆ ಆ ಕಾಲೇಜಿನ ಬಗ್ಗೆ ಕುತೂಹಲ ಹುಟ್ಟಿದರೆ ಅವರ ತಪ್ಪಲ್ಲ.

ಎಬ್ಬಿಸಿದರೂ ಏಳದ, ನಿಧಾನವಾಗಿ ಉಸಿರಾಡುತ್ತಿರುವ, ಚರ್ಮ ತಣ್ಣಗಾಗಿ ನೀಲಿಗಟ್ಟುತ್ತಿರುವ ಮನುಷ್ಯನಿಗೆ ಈ ಎರಡು ಪದಗಳೂ ಸಾಲವು. ಅದು 'ಆಲ್ಕೊಹಾಲ್ ಪಾಯಿಸನಿಂಗ್'. ಅಲ್ಲಿ ಪದ ಹುಡುಕುತ್ತಾ ಕೂರದೆ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಬೇಕು; ಫೋನಿನಲ್ಲಿ 'ಡ್ರಂಕ್' ಎನ್ನುವ ಬದಲು 'ಅನ್‌ಕಾನ್ಷಿಯಸ್' ಎಂಬುದನ್ನು ಮೊದಲು ಹೇಳಬೇಕು.

ಗೆಳೆಯರ ನಡುವಿನ ಪದಗಳು

ಇನ್ನು ತಮಾಷೆಯ ಪದಗಳು. ಇವುಗಳಿಗೆ ಕೊನೆಯಿಲ್ಲ, ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲಿಯೇ ಕುಡಿದವರನ್ನು ಬಣ್ಣಿಸುವ ಇನ್ನೂರಕ್ಕೂ ಹೆಚ್ಚು ಇಂಗ್ಲಿಷ್ ಮಾತುಗಳನ್ನು ಪಟ್ಟಿಮಾಡಿ ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದ. ನಮಗೆ ಎಲ್ಲವೂ ಬೇಕಿಲ್ಲ. ಏರುವ ಕ್ರಮವನ್ನು ಹಿಡಿದರೆ ಸಾಕು.

ಮೊದಲ ಲೋಟದ ಬಳಿಕ ಮೈಯೆಲ್ಲ ಹಗುರಾಗಿ ಮಾತು ಹೆಚ್ಚುವ ಹಂತಕ್ಕೆ 'ಬಜ್ಡ್' ಎನ್ನುತ್ತಾರೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ 'ಟಿಪ್ಸಿ'. ವಾಲು ಎಂಬರ್ಥದ 'ಟಿಪ್' ಧಾತುವಿನಿಂದ ಬಂದದ್ದೆನ್ನುವ ಈ ಪದದಲ್ಲಿ ತುಸು ವಾಲಾಟವಿದೆ, ಬೀಳುವಿಕೆ ಇಲ್ಲ, ಕೆಟ್ಟ ಮಾತೂ ಇಲ್ಲ. ಗೋವಾದಲ್ಲಿ ಬೇಸಿಗೆಯ ಮಧ್ಯಾಹ್ನ ಗೇರುಹಣ್ಣಿನ ಉರ್ರಾಕ್ ಕುಡಿದು, ಅದು ಫೆನಿಗಿಂತ ಸೌಮ್ಯವೆಂಬ ಧೈರ್ಯದಲ್ಲಿ ಇನ್ನೊಂದು ಲೋಟ ಏರಿಸಿ, ಕುರ್ಚಿಯಿಂದ ಏಳುವಾಗ ಮೇಜನ್ನು ಹಿಡಿದುಕೊಳ್ಳುವ ಪ್ರವಾಸಿ 'ಟಿಪ್ಸಿ'. ಬ್ರಿಟನ್ನಿನವರು ಇದನ್ನೇ 'ಮೆರ್ರಿ' ಎನ್ನುವುದುಂಟು. ಆಚೆಗೆ 'ಡ್ರಂಕ್', ಅದರಾಚೆ 'ಹ್ಯಾಮರ್ಡ್', 'ಸ್ಮ್ಯಾಶ್ಡ್', 'ಪ್ಲಾಸ್ಟರ್ಡ್', 'ವೇಸ್ಟೆಡ್'. ಸುತ್ತಿಗೆ ಏಟು, ಒಡೆತ, ಗಾರೆ ಮೆತ್ತುವುದು ಎಂದು ಎಲ್ಲವೂ ಒಡೆಯುವ ಕಟ್ಟುವ ಕೆಲಸದಿಂದ ಬಂದ ಚಿತ್ರಗಳು. ಇವುಗಳ ನಡುವೆ ಅಳೆಯಬಹುದಾದ ವ್ಯತ್ಯಾಸವಿಲ್ಲ, 'ವೇಸ್ಟೆಡ್' ಮಾತ್ರ ಮಾದಕ ವಸ್ತುಗಳಿಗೂ ಸಲ್ಲುತ್ತದೆ.

ನಾವು ನಿಜವಾಗಿ ಎಡವುವುದು 'ಟೈಟ್' ಎಂಬಲ್ಲಿ. ಧಾರವಾಡದಿಂದ ಮಂಗಳೂರಿನವರೆಗೆ, ಇಲ್ಲಿ ಭಾಂಡುಪದ ಚಾಳುಗಳಲ್ಲಿಯೂ, 'ಫುಲ್ ಟೈಟ್ ಆಗಿದ್ದಾನೆ' ಎಂದರೆ ವಿವರಣೆ ಬೇಡ. ಇದು ನಾವು ಹುಟ್ಟಿಸಿದ ಅರ್ಥವೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಆಡುಮಾತಿನಲ್ಲಿ 'ಟೈಟ್' ಎಂದರೆ ಕುಡಿದವನೇ ಆಗಿದ್ದ. ಅದು ಅಲ್ಲಿ ಹಳತಾಗಿ ಮರೆಗೆ ಸರಿಯಿತು, ಇಲ್ಲಿ ಚಿಗುರಿ ನಿಂತಿತು. ಇಂದು ಏರೋಳಿಯಲ್ಲೋ ಹಿಂಜವಾಡಿಯಲ್ಲೋ ಕುಳಿತು ಅಮೆರಿಕದ ಗಿರಾಕಿಯೊಡನೆ ಹರಟುವ ನಮ್ಮ ಹುಡುಗ ತನ್ನ ಟೀಮ್ ಲೀಡರ್ ಪಾರ್ಟಿಯಲ್ಲಿ 'ಟೈಟ್' ಆಗಿದ್ದರೆಂದು ಹೇಳಿದರೆ, ಆ ಕಡೆಯವರು ಅವರನ್ನು ಜುಗ್ಗನೆಂದು ತಿಳಿದಾರು. ಇಂಥದೇ ಇನ್ನೊಂದು ಹಳ್ಳ 'ಪಿಸ್ಡ್'. ಅದು ಬ್ರಿಟನ್ನಿನಲ್ಲಿ ಕುಡಿದವನು, ಅಮೆರಿಕದಲ್ಲಿ ಸಿಟ್ಟಾದವನು, ಎರಡೂ ಕಡೆ ಅಸಭ್ಯ. ನಮ್ಮವರು ಅದನ್ನು ಬಳಸದಿರುವುದೇ ಕ್ಷೇಮ.

ಮರೆಮಾಚುವ ಮಾತುಗಳಲ್ಲಿ ಮಾತ್ರ ಎರಡು ಭಾಷೆಗಳೂ ಒಂದಕ್ಕೊಂದು ಸೋಲುವುದಿಲ್ಲ. ನಾವು 'ತೀರ್ಥ ತೆಗೆದುಕೊಂಡಿದ್ದಾರೆ', 'ಗುಂಡು ಹಾಕಿದ್ದಾರೆ', 'ಎಣ್ಣೆ ಏರಿದೆ' ಎಂದು ಹೇಳಿದ ಹಾಗೆ ಬ್ರಿಟನ್ನಿನ ಪತ್ರಿಕೆಗಳು, ಕುಡಿದ ರಾಜಕಾರಣಿಯನ್ನು ಕುಡಿದವನೆಂದು ಬರೆದರೆ ಮಾನನಷ್ಟದ ಮೊಕದ್ದಮೆ ಬಂದೀತೆಂಬ ಅಂಜಿಕೆಯಿಂದ, 'ಟಯರ್ಡ್ ಅಂಡ್ ಎಮೋಷನಲ್' ಎಂದು ಬರೆಯುವುದನ್ನು ರೂಢಿಸಿಕೊಂಡವು. ದಣಿದು ಭಾವುಕರಾಗಿದ್ದರು ಎಂದು ಓದಿದವರಿಗೆಲ್ಲ ಸಂಗತಿ ತಿಳಿಯುತ್ತದೆ, ಆದರೆ ನ್ಯಾಯಾಲಯದಲ್ಲಿ ಹಿಡಿಯಲು ಬಾಲವಿಲ್ಲ. ಹೊಟೇಲಿನ ವರದಿಯಲ್ಲಿ ಈ ಜಾಣತನ ನಡೆಯುವುದಿಲ್ಲ.

ಇಳಿದ ಮೇಲೆ

ಮರುದಿನದ ತಲೆನೋವು, ಬಾಯಾರಿಕೆ, ಬೆಳಕನ್ನು ಕಂಡರಾಗದಿರುವುದು ಇವು 'ಹ್ಯಾಂಗೋವರ್'. ಅದರಲ್ಲಿರುವವನ ಅಮಲು ಇಳಿದಿರುತ್ತದೆ ಎಂಬುದು ಪದದ ಒಳ ಅರ್ಥ. ಬೆಳಗ್ಗೆ ಆರಕ್ಕೂ ಇಳಿಯದವನನ್ನು 'ಸ್ಟಿಲ್ ಡ್ರಂಕ್' ಎನ್ನಬೇಕು. ಚಾಲಕರನ್ನು ಕೆಲಸಕ್ಕೆ ಕಳುಹಿಸುವವರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

'ಆಲ್ಕೊಹಾಲಿಕ್' ಎಂಬುದು 'ಡ್ರಂಕರ್ಡ್' ಪದದ ನಯವಾದ ರೂಪವಲ್ಲ, ಕಾಯಿಲೆಯ ಸೂಚನೆ. 'ಆಲ್ಕೊಹಾಲಿಸಂ' ಎಂಬ ಹೆಸರನ್ನು 1849ರಲ್ಲಿ ಬಳಕೆಗೆ ತಂದವರು ಸ್ವೀಡನ್ನಿನ ವೈದ್ಯ ಮ್ಯಾಗ್ನಸ್ ಹುಸ್. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ರೋಗನಿರ್ಣಯಕ್ಕೆ 'ಆಲ್ಕೊಹಾಲ್ ಯೂಸ್ ಡಿಸಾರ್ಡರ್' ಎಂಬ ಹೆಸರನ್ನು ತಂದರು, ಅದರಲ್ಲಿ ಸೌಮ್ಯ, ಮಧ್ಯಮ, ತೀವ್ರ ಎಂಬ ಹಂತಗಳಿವೆ. ವ್ಯಾಧಿಯನ್ನು ಹೆಸರಿಸುವ ಅಧಿಕಾರ ವೈದ್ಯರದು. ಸಹೋದ್ಯೋಗಿಯ ಬಗ್ಗೆ ಬರೆಯುವಾಗ 'ಈ ತಿಂಗಳಲ್ಲಿ ನಾಲ್ಕು ಸಲ ಮದ್ಯದ ವಾಸನೆಯೊಂದಿಗೆ ಕೆಲಸಕ್ಕೆ ಬಂದಿದ್ದಾರೆ' ಎಂದು ದಿನಾಂಕಗಳನ್ನು ಕೊಡಬಹುದು, 'ಆಲ್ಕೊಹಾಲಿಕ್' ಎನ್ನಲಾಗದು.

ಇವೆಲ್ಲಕ್ಕೂ ಎದುರಿನ ಪದ 'ಸೋಬರ್'. ನಮ್ಮ ವಧೂವರರ ಜಾಹೀರಾತುಗಳಲ್ಲಿ ಅದಕ್ಕೆ ಗಂಭೀರ, ಆಡಂಬರವಿಲ್ಲದ ಎಂಬ ಅರ್ಥ. ದಾದರಿನ ಸೀರೆಯಂಗಡಿಯಲ್ಲಿ 'ಸೋಬರ್ ಕಲರ್' ಎಂದರೆ ತಿಳಿ ಬಣ್ಣ. ಇಂಗ್ಲಿಷ್ ಓದುಗರಿಗೆ ಮೊದಲು ಹೊಳೆಯುವುದು ಈಗ ಕುಡಿದಿಲ್ಲದವನು ಎಂದು. ಹುಡುಗ ಕುಡಿಯುವುದೇ ಇಲ್ಲವೆಂದು ತಿಳಿಸಬೇಕಾದರೆ 'ಟೀಟೋಟಲರ್' ಎಂದು ಬರೆಯಬೇಕು. ಅದು 1830ರ ದಶಕದ ಇಂಗ್ಲೆಂಡಿನ ಪಾನವಿರೋಧಿ ಚಳವಳಿಯಲ್ಲಿ 'ಟೋಟಲ್' ಎಂಬುದರ ಮೊದಲ ಅಕ್ಷರವನ್ನು ಒತ್ತಿ ಹೇಳಿದ್ದರಿಂದ ಹುಟ್ಟಿದ ಪದವೆಂಬ ನಂಬಿಕೆಯಿದೆ, ಅದಕ್ಕೂ ಟೀ ಎಂಬ ಪಾನೀಯಕ್ಕೂ ಸಂಬಂಧವಿಲ್ಲ. ಕುಡಿತವನ್ನು ಬಿಟ್ಟವರ ಬಾಯಲ್ಲಿ ಮಾತ್ರ 'ಸೋಬರ್' ಎಂಬುದಕ್ಕೆ ಮೂರನೆಯ ಅರ್ಥವೊಂದಿದೆ. ಅವರು 'ಎಂಟು ತಿಂಗಳಿನಿಂದ ಸೋಬರ್' ಎನ್ನುವಾಗ ಕೊನೆಯ ಗುಟುಕಿನ ದಿನದಿಂದ ಎಣಿಸುತ್ತಿರುತ್ತಾರೆ. ಅಂಥವರಿಗಾಗಿ ಕೆಲಸಕ್ಕೆ ಮರಳುವ ಅರ್ಜಿಯನ್ನು ಬರೆದುಕೊಡುವಾಗ 'ಹೀ ಈಸ್ ಸೋಬರ್ ನೌ' ಎಂದು ಬರೆದರೆ ಇವತ್ತು ಬೆಳಗ್ಗೆ ಕುಡಿದಿಲ್ಲವೆಂದಷ್ಟೇ ಆಗುತ್ತದೆ. 'ಹೀ ಹ್ಯಾಸ್ ಬೀನ್ ಸೋಬರ್ ಸಿನ್ಸ್' ಎಂದು ಬರೆದು, ಮುಂದೆ ಅವರನ್ನೇ ಕೇಳಿ ಆ ದಿನಾಂಕವನ್ನು ತುಂಬಬೇಕು.